ರುಚಿ ಹೇಳಿದವಳು

ನಂಜನಗೂಡಿನ ಹತ್ತಿರದ ಹದಿನಾರು ಎಂಬ ಊರಿನಲ್ಲಿ ಇಂದ್ರಾಣಿಯ ಮನೆಯ ಹಿತ್ತಲಲ್ಲಿ ರಸಬಾಳೆ ಇನ್ನೂ ಉಳಿದಿತ್ತು. ಸುತ್ತಮುತ್ತಲ ತೋಟಗಳಿಗೆ ಸೊರಗು ರೋಗ ಬಡಿದು, ಜನ ಆ ತಳಿಯ ಸಹವಾಸವೇ ಬೇಡವೆಂದು ಏಲಕ್ಕಿ ಬಾಳೆ, ಪಚ್ಚಬಾಳೆ ಹಾಕಿಕೊಂಡ ಕಾಲದಲ್ಲೂ ಅವಳ ಮಾವ ಚಿಕ್ಕಮಾದು ಮಾತ್ರ ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಕಂದು ನೆಟ್ಟು ಕೂಸಿನಂತೆ ಸಾಕಿದ್ದ. ಅವನು ತೀರಿಕೊಂಡ ಮೇಲೆ ಗಿಡಗಳ ಚಾಕರಿ ಸೊಸೆಯ ಪಾಲಿಗೆ ಬಂತು. ಗೊನೆ ಕಡಿದು ಒಣಹುಲ್ಲಿನಲ್ಲಿ ಮುಚ್ಚಿಟ್ಟು, ಸಿಪ್ಪೆ ಕಾಗದದಷ್ಟು ತೆಳ್ಳಗಾಗಿ ಕಪ್ಪು ಚುಕ್ಕೆ ಏಳುವ ತನಕ ಅವಳು ಕಾಯುತ್ತಿದ್ದಳು. ಆಮೇಲೆ ಹಣ್ಣು ಕಿವುಚಿ, ದಪ್ಪ ತಳದ ಬಾಣಲೆಗೆ ಬೆಲ್ಲ, ತುಪ್ಪದ ಜತೆ ಹಾಕಿ, ಸಣ್ಣ ಉರಿಯಲ್ಲಿ ತಿರುವುತ್ತಾ ಕೂರುವಳು. ಹಲ್ವಾ ಕುದಿಯುವಾಗ ಸಿಡಿದು ಮುಂಗೈ ಮೇಲೆ ಸಣ್ಣ ಸಣ್ಣ ಸುಟ್ಟ ಕಲೆಗಳಾಗಿದ್ದವು. ರಟ್ಟೆ ಬಿದ್ದುಹೋಗುತ್ತಿತ್ತು. ಆದರೂ ಬಾಣಲೆಯ ಅಂಚು ಬಿಟ್ಟುಕೊಂಡು ಹಲ್ವಾ ಮುದ್ದೆಯಾಗಿ ಉರುಳಲು ಶುರುವಾದಾಗ ಅವಳಿಗೆ ಒಳಗೊಳಗೇ ಒಂದು ಖುಷಿ.

ಬೇಸಿಗೆ ಬಂತೆಂದರೆ ಬೇಲದ ಹಣ್ಣಿನ ಪಾನಕ. ಮಾವಿನ ಕಾಲಕ್ಕೆ ಸೀಕರಣೆ. ಆಷಾಢದ ಹೊತ್ತಿಗೆ ನೇರಳೆ ಹಣ್ಣಿನ ಶರಬತ್ತು. ಇದನ್ನೆಲ್ಲ ಅವಳಿಗೆ ಕಲಿಸಿದವರು ಯಾರೂ ಇಲ್ಲ. ಕಳಲೆಯ ತವರಿನಲ್ಲಿ ಹಣ್ಣೆಂದರೆ ಮರದಿಂದ ಬಿದ್ದದ್ದು, ಆರಿಸಿಕೊಂಡು ತಿನ್ನುವುದು, ಅಷ್ಟೇ. ಸಕ್ಕರೆ, ತುಪ್ಪ ಕೈಬಿಚ್ಚಿ ಬಳಸುವಂತಾದದ್ದು ಅವಳಿಗೆ ನೌಕರಿ ಸಿಕ್ಕ ಮೇಲೆ. ಟಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಅವಳು ಎಸ್‌ಡಿಎ. ಗಂಡ ನಟರಾಜ್ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ. ಮದುವೆಯಾದ ಹೊಸದರಲ್ಲೇ ಇಬ್ಬರೂ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ನಡುಮನೆಯಲ್ಲಿ ಬುದ್ಧನ ಪಟವೊಂದು, ಬಾಬಾಸಾಹೇಬರ ಪಟವೊಂದು. ಮಾಡಿದ ಸಿಹಿಯನ್ನು ಇಂದ್ರಾಣಿ ಮೊದಲು ಆ ಪಟಗಳ ಮುಂದೆ ಇಡುತ್ತಿದ್ದಳು, ಆಮೇಲೆ ಒಂದು ಡಬ್ಬಿಗೆ ಹಾಕಿ ಹಂಸಕ್ಕನಿಗೆಂದು ತೆಗೆದಿಡುತ್ತಿದ್ದಳು.

ಹಂಸಾ ಅದೇ ಕಚೇರಿಯಲ್ಲಿ ಎಫ್‌ಡಿಎ. ಇಂದ್ರಾಣಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ನಂಜನಗೂಡಿನ ದೇವಸ್ಥಾನದ ಹಿಂದಿನ ಅಗ್ರಹಾರದಲ್ಲಿ ಮನೆ. ಗಂಡ ಬದರೀನಾರಾಯಣ ಮೇಷ್ಟರಾಗಿದ್ದು ರಿಟೈರಾದವರು. ಇಂದ್ರಾಣಿ ಕೆಲಸಕ್ಕೆ ಸೇರಿದ ಮೊದಲ ವಾರ ಮಾಡಿದ್ದೆಲ್ಲ ತಪ್ಪಾಗಿ ಸಾಹೇಬರಿಂದ ಬೈಸಿಕೊಂಡು ಅಳುತ್ತಾ ಕೂತಿದ್ದಾಗ, ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು ಒಂದೊಂದಾಗಿ ತಿದ್ದಿಸಿದವಳು ಹಂಸಾ. "ಮೇಡಂ ಗೀಡಂ ಎಲ್ಲ ಬೇಡ, ಅಕ್ಕ ಅನ್ನು" ಎಂದವಳೂ ಅವಳೇ. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಸೀಟು ಸಿಗುವುದೇ ದುಸ್ತರ. ನಂಜನಗೂಡಿನಲ್ಲಿ ಹತ್ತಿದ ಹಂಸಾ ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು, ಯಾರು ಎಷ್ಟು ಕಿರುಚಿದರೂ ಕೊಡದೆ, ಹದಿನಾರಿನಲ್ಲಿ ಹತ್ತುವ ಇಂದ್ರಾಣಿಗೆ ಹಿಡಿದಿಡುತ್ತಿದ್ದಳು. ತನ್ನ ಜಡೆಯ ಮಲ್ಲಿಗೆ ದಂಡೆಯಲ್ಲಿ ಅರ್ಧ ಕಿತ್ತು ಇವಳ ಮುಡಿಗೆ ಸಿಕ್ಕಿಸುತ್ತಿದ್ದಳು. ಇಂದ್ರಾಣಿಗೆ ಗರ್ಭ ಇಳಿದುಹೋದಾಗ ಆಸ್ಪತ್ರೆಯಲ್ಲಿ ಇಡೀ ದಿನ ಕೂತು, ಅವಳ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು. ಇಂಥವಳಿಗೆ ಒಂದು ಡಬ್ಬಿ ಹಲ್ವಾ ಯಾವ ಲೆಕ್ಕ?

ಡಬ್ಬಿ ಕೊಟ್ಟಾಗಲೆಲ್ಲ ಹಂಸಾ ಹೇಳುವುದು ಒಂದೇ ಮಾತು. "ಯಾಕೆ ಇಷ್ಟೆಲ್ಲ ಕಷ್ಟ ಪಡ್ತೀಯೇ? ಹಣ್ಣಿದ್ರೆ ಹಾಗೇ ಕೊಡು, ತಿಂತೀವಿ." ಅದನ್ನು ಇಂದ್ರಾಣಿ ಅಕ್ಕನ ಕಕ್ಕುಲಾತಿಯೆಂದೇ ತಿಳಿದಿದ್ದಳು. ಮಾರನೆಯ ದಿನ ಡಬ್ಬಿ ಬೆಳಗಿ ಥಳಥಳ ಹೊಳೆಯುತ್ತಾ ವಾಪಸ್ ಬರುತ್ತಿತ್ತು, ಜತೆಗೆ ರುಚಿಯ ವರದಿಯೂ. "ನಮ್ಮನೆಯವ್ರು ಬೆರಳು ನೆಕ್ಕಿದ್ದೇ ನೆಕ್ಕಿದ್ದು ಕಣೇ." ಇನ್ನೊಂದು ಸಲ, "ಈ ಸಲ ಏಲಕ್ಕಿ ಒಂಚೂರು ಜಾಸ್ತಿ ಆಯ್ತೇನೋ." ಮತ್ತೊಂದು ಸಲ, "ಪಾನಕಕ್ಕೆ ಮೆಣಸು ಬಿದ್ದಿದ್ದು ಚೆನ್ನಾಗಿತ್ತು, ಗಂಟಲು ಬಿಟ್ಕೊಳ್ತು." ಇಂದ್ರಾಣಿ ಆ ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಏಲಕ್ಕಿ ಕಡಿಮೆ ಮಾಡುವಳು, ಮೆಣಸು ಖಾಯಂ ಮಾಡುವಳು. ಅವಳ ಕೈರುಚಿ ಹೀಗೆ ತಿದ್ದಿಕೊಳ್ಳುತ್ತಾ ಹದವಾದದ್ದು ಹಂಸಕ್ಕನ ನಾಲಿಗೆಯಿಂದಲೇ ಎಂದು ಅವಳು ನಂಬಿದ್ದಳು. ಹಾಗೆಂದು ಕಚೇರಿಯಲ್ಲಿ ಎಲ್ಲರಿಗೂ ಹೇಳಿಕೊಂಡೂ ಇದ್ದಳು.

ಈ ಸಲದ ಬೇಸಿಗೆಯಲ್ಲಿ ಹಂಸಾಗೆ ಟೈಫಾಯ್ಡ್ ಆಯಿತು. ರಜೆ ಹಾಕಿ ಮಲಗಿದಳು. ಬಸ್ಸಿನಲ್ಲಿ ಒಬ್ಬಳೇ ಕಂಬಿ ಹಿಡಿದು ನಿಂತು ಓಡಾಡಿ ಇಂದ್ರಾಣಿಗೆ ಜೀವ ತಡೆಯಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಎದ್ದು ಬೇಲದ ಹಣ್ಣು ಒಡೆದು, ತಿರುಳು ನೆನೆಹಾಕಿ, ಕೈಯಲ್ಲಿ ಕಿವುಚಿ, ತೆಳ್ಳನೆ ಬಟ್ಟೆಯಲ್ಲಿ ಎರಡು ಸಲ ಸೋಸಿದಳು. ಕಾಯಿಲೆಯ ಹೊಟ್ಟೆಗೆಂದು ಬೆಲ್ಲ ಕಡಿಮೆ ಹಾಕಿದಳು. ಸ್ಟೀಲು ಬಾಟಲಿಗೆ ತುಂಬಿಕೊಂಡು ಹೊರಟಾಗ ನಟರಾಜ್ ಜಗುಲಿಯ ಮೇಲೆ ಶೂ ಒರೆಸುತ್ತಾ ಕೂತಿದ್ದ.

"ಅವ್ರ ಮನೇಗ್ ಹೋಗ್ತಿದ್ದೀಯಾ?" ಎಂದ.

"ಹೂಂ, ನೋಡ್ಕಂಡು ಬತ್ತೀನಿ. ಇಷ್ಟು ವರ್ಷಾಯ್ತು, ಒಂದ್ಸಲಾನೂ ಹೋಗಿಲ್ಲ."

"ಅವ್ರು ಕರೆದಿಲ್ಲ ಅಲ್ವಾ?"

"ಹುಷಾರಿಲ್ದೋರು ಕರೀತಾರೇನ್ರೀ?" ಎಂದು ಇಂದ್ರಾಣಿ ಚಪ್ಪಲಿ ಮೆಟ್ಟಿದಳು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆಗೆದ ಬದರೀನಾರಾಯಣರು, "ಓ, ಇಂದ್ರಾಣಿನಾ? ಬಾಮ್ಮ, ಬಾ, ನಿನ್ ವಿಷಯ ದಿನಾ ಹೇಳ್ತಿರ್ತಾಳೆ" ಎಂದು ಜಗುಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಫ್ಯಾನು ಹಚ್ಚಿದರು. ಸ್ವಲ್ಪ ಹೊತ್ತಿಗೆ ಹಂಸಾ ಶಾಲು ಹೊದ್ದುಕೊಂಡು ಗೋಡೆ ಹಿಡಿದು ಹೊರಗೆ ಬಂದಳು. ಮುಖ ಸೊರಗಿ ಇಷ್ಟೇ ಇಷ್ಟಾಗಿತ್ತು.

"ಅಯ್ಯೋ, ಈ ಬಿಸಿಲಲ್ಲಿ ಯಾಕೆ ಬರೋಕೆ ಹೋದೆ? ಫೋನ್ ಮಾಡಿದ್ರೆ ಆಗ್ತಿರ್ಲಿಲ್ವಾ?"

"ಮಲಗ್ಕೊಂಡಿರಿ ಅಕ್ಕ, ನಾನೇ ಒಳಗೆ ಬರ್ತಿದ್ದೆ."

"ಇಲ್ಲಿಲ್ಲ, ಒಳಗಡೆ ಸೆಕೆ. ಇಲ್ಲೇ ಗಾಳಿ ಚೆನ್ನಾಗಿದೆ" ಎಂದು ಹಂಸಾ ಬಾಗಿಲಿಗೆ ಅಡ್ಡವಾಗಿ ಹೊಸ್ತಿಲ ಬಳಿಯೇ ಕೂತಳು. ಬಾಟಲಿ ತೆಗೆದುಕೊಂಡಳು, ಮುಚ್ಚಳ ತಿರುಗಿಸಿ ಮೂಸಿದಳು. "ಘಮ ಅಂತಿದೆ. ಆಮೇಲೆ ಕುಡೀತೀನಿ, ಈಗಷ್ಟೆ ಮಾತ್ರೆ ತಗೊಂಡೆ." ಬದರೀನಾರಾಯಣರು ಪೇಪರ್ ಕಪ್ಪಿನಲ್ಲಿ ಕಾಫಿ ತಂದುಕೊಟ್ಟು, ಬಾಟಲಿ ಎತ್ತಿಕೊಂಡು ಹೋದರು. ಕಾಯಿಲೆಯ ಮನೆ, ಪಾತ್ರೆ ತೊಳೆಯುವವರು ಯಾರು ಪಾಪ ಎಂದುಕೊಂಡು ಇಂದ್ರಾಣಿ ಕುಡಿದಳು. ಅರ್ಧ ಗಂಟೆ ಕೂತು ಕಚೇರಿಯ ಸುದ್ದಿಯೆಲ್ಲ ಹೇಳಿ ನಗಿಸಿ, ಹೊರಟಳು.

ಬಸ್ ಸ್ಟ್ಯಾಂಡಿಗೆ ಹತ್ತಿರವಾಗಲೆಂದು ಮನೆಯ ಹಿಂದಿನ ಓಣಿ ಹಿಡಿದಳು. ಅಲ್ಲಿ ಹಂಸಾಳ ಮನೆಯ ಹಿತ್ತಲ ಬಾಗಿಲು ತೆರೆದುಕೊಂಡು ಒಬ್ಬ ಹೆಂಗಸು ಹೊರಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕ್ಯಾನು. ಇಂದ್ರಾಣಿಗೆ ಗುರುತು ಸಿಕ್ಕಿತು. ಕಳಲೆಯಲ್ಲಿ ತವರುಮನೆಯ ಬೀದಿಯಲ್ಲೇ ಇರುವ ಮಂಚಮ್ಮ.

"ಗೋವಿಂದಕ್ಕನ ಮಗಳಲ್ವಾ? ಇಂದ್ರಾಣಿ! ಇದೇನವ್ವ ಇತ್ಲಾಗ್ ಬಂದ್ಬುಟ್ಟಿದ್ದೀಯೆ?"

"ಆಫೀಸ್ನೋರ ಮನೆಗೆ ಬಂದಿದ್ದೆ ಮಂಚಕ್ಕ. ನೀನು ಇಲ್ಲಿ?"

"ಈ ಮನೇಲೇ ಹಿತ್ಲ ಗೇಯ್ತೀನಿ. ಮುಸುರೆ, ಬಟ್ಟೆ, ಅಂಗಳ. ಅಮ್ಮಾರು ಬೋ ಒಳ್ಳೇರು ಕನವ್ವ. ನೋಡು, ಈಗ್ಲೂ ಪಾನ್ಕ ಕೊಟ್ರು, ಬ್ಯಾಲದ್ ಹಣ್ಣಿಂದು." ಮಂಚಮ್ಮ ಕ್ಯಾನು ಎತ್ತಿ ತೋರಿಸಿದಳು. "ಯಾರೋ ಆಫೀಸಲ್ಲಿ ಮಾಡ್ಕೊಡ್ತಾರಂತೆ. ಹಲ್ವಾನೂ ಕೊಡ್ತಾರೆ. ನಮ್ಮ ಮೊಮ್ಮಗಳು ರೋಜಾ ಇದ್ದಾಳಲ್ಲ, ಅವಳು ಡಬ್ಬೀನೆಲ್ಲ ಬೆರಳಾಕಿ ನೆಕ್ಬುಡ್ತಾಳೆ. ಅಮ್ಮಾರು ಮಾರ್ನೆ ದಿನ ತಪ್ದೆ ಕೇಳ್ತಾರೆ, ಎಂಗಿತ್ತು ಮಂಚಮ್ಮ ಅಂತ. ನಾನೂ ಏಳ್ತೀನಿ. ಒಂದ್ಸಲ ಯಾಲಕ್ಕಿ ಜಾಸ್ತಿಯಾಗದೆ ಅಂದೆ. ಆಮ್ಯಾಕೆ ಸರ್ಯಾಗ್ ಬಂತು ನೋಡು!"

ಇಂದ್ರಾಣಿಗೆ ಬಿಸಿಲು ಒಮ್ಮೆಲೇ ಕಣ್ಣಿಗೆ ರಾಚಿದಂತಾಯಿತು. ಕ್ಯಾನಿನ ಒಳಗೆ ಪಾನಕದ ಕಂದು ಬಣ್ಣ ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತಾ, "ಅವ್ರು ತಿನ್ನಲ್ವಾ?" ಎಂದಳು.

"ಅಮ್ಮಾರಾ?" ಮಂಚಮ್ಮ ನಕ್ಕಳು. "ಅವ್ರ್ಯಾಕ್ ತಿಂದಾರು! ತಂದ್ ಡಬ್ಬೀನ ಒಳೀಕೂ ತಗಂಡೋಗಕಿಲ್ಲ, ಹಿತ್ಲ ಕಟ್ಟೆ ಮ್ಯಾಲೆ ಮಡಗ್ತಾರೆ. ನಾನೇ ಉಜ್ಜಿ ಕೊಡ್ತೀನಲ್ಲ."

ಅದನ್ನು ಮಾಡುವವಳು ತಾನೇ ಎಂದು ಇಂದ್ರಾಣಿ ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತವಳಿಗೆ ಇಷ್ಟು ವರ್ಷದ ಮಾತುಗಳೆಲ್ಲ ಒಂದೊಂದಾಗಿ ಬಾಯಿ ಬದಲಿಸಿಕೊಂಡು ಬಂದವು. ಗಂಟಲು ಬಿಟ್ಟುಕೊಂಡದ್ದು ಮಂಚಮ್ಮನದು. ಬೆರಳು ನೆಕ್ಕಿದ್ದು ರೋಜಾ. ಹಣ್ಣಿದ್ದರೆ ಹಾಗೇ ಕೊಡು ಎಂದಿದ್ದರ ಅರ್ಥವೂ ಈಗ ಆಯಿತು. ಸಿಪ್ಪೆ ಸುಲಿಯದ ಹಣ್ಣಿಗೆ ಮೈಲಿಗೆಯಿಲ್ಲ. ತನ್ನ ಕೈಯ ನೀರು ಸೋಕಿದ ಮೇಲೆ, ತನ್ನ ಒಲೆಯ ಮೇಲೆ ಬೆಂದ ಮೇಲೆ ಅದೇ ಹಣ್ಣು ಹಿತ್ತಲ ಕಟ್ಟೆಗೆ ಹೋಗುತ್ತದೆ.

ಸಂಜೆ ಪಾಳಿ ಮುಗಿಸಿ ಬಂದ ನಟರಾಜನಿಗೆ ಎಲ್ಲ ಹೇಳಿದಳು. ಅವನು ಸಿಟ್ಟಾಗುತ್ತಾನೆ, ಕೂಗಾಡುತ್ತಾನೆ ಎಂದುಕೊಂಡಿದ್ದಳು. ಅವನು ಟವೆಲ್ಲಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ ಸುಮ್ಮನೆ ಕೇಳಿಸಿಕೊಂಡ.

"ನಿಂಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ ಅಮ್ಮಿ?"

"ನಿಮಗ್ ಗೊತ್ತಿತ್ತಾ?"

"ಗೊತ್ತಿತ್ತು ಅಂತಲ್ಲ. ಡಬ್ಬಿ ಅಷ್ಟು ಚೆನ್ನಾಗ್ ಬೆಳಗಿ ವಾಪಸ್ ಬತ್ತಿತ್ತಲ್ಲ, ಅವಾಗ್ಲೇ ಅನ್ನಿಸ್ತು. ನಮ್ ಕಡೆ ಡಬ್ಬಿ ತಿರುಗಿಸುವಾಗ ಅದ್ರಲ್ಲಿ ಏನಾರ ಒಂದು ಹಾಕಿ ಕೊಡಕಿಲ್ವಾ? ಅವ್ರು ಒಂದಿನಾನಾದ್ರೂ ಏನಾರ ಹಾಕಿ ಕೊಟ್ರಾ?"

"ಮತ್ಯಾಕೆ ಹೇಳ್ಲಿಲ್ಲ ನೀವು?"

"ನೀನು ಖುಷಿಯಾಗಿ ಮಾಡ್ತಿದ್ದೆ. ನಾನ್ಯಾಕ್ ಹಾಳು ಮಾಡ್ಲಿ ಅಂತ."

ಇಂದ್ರಾಣಿಗೆ ಹಂಸಾಳ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆ ಘಳಿಗೆಯಲ್ಲಿ ಗಂಡನ ಮೇಲೆ ಬಂತು. ಜಗತ್ತಿಗೆಲ್ಲ ಗೊತ್ತಿದ್ದದ್ದು ತನಗೊಬ್ಬಳಿಗೆ ಗೊತ್ತಿರಲಿಲ್ಲವಲ್ಲ ಎಂದು ಒಲೆಯ ಮುಂದೆ ಕೂತು ಬಿಕ್ಕಿದಳು.

ಹಂಸಾ ಗುಣವಾಗಿ ಕೆಲಸಕ್ಕೆ ಬರುವ ಹೊತ್ತಿಗೆ ಮುಂಗಾರು ಶುರುವಾಗಿತ್ತು. ಆ ದಿನ ಇಂದ್ರಾಣಿ ಬೆಳಿಗ್ಗೆಯೇ ನೇರಳೆ ಹಣ್ಣಿನ ಶರಬತ್ತು ಮಾಡಿ ಕೂಜಕ್ಕೆ ತುಂಬಿ, ಸ್ಟೀಲಿನ ಲೋಟಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಬಸ್ಸಿನಲ್ಲಿ ಹಂಸಾ ಸೀಟು ಹಿಡಿದಿಟ್ಟಿದ್ದಳು. ಎಂದಿನಂತೆ ಮಾತಾಡಿದಳು, ಮಲ್ಲಿಗೆ ಮುಡಿಸಿದಳು. ಇಂದ್ರಾಣಿ ಹೂಂ, ಉಹುಂಗಳಲ್ಲೇ ಟಿ. ನರಸೀಪುರ ತಲುಪಿದಳು.

ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ರೆಕಾರ್ಡು ರೂಮಿನ ಪಕ್ಕದ ಉದ್ದ ಮೇಜಿನ ಸುತ್ತ ಸೇರಿದ್ದರು. ಗುಮಾಸ್ತ ಶಿವಮೂರ್ತಿ, ಅಟೆಂಡರ್ ಬಸವಯ್ಯ, ಇನ್ನೂ ಇಬ್ಬರು ಮೂವರು. ಇಂದ್ರಾಣಿ ಎದ್ದು ನಿಂತು, "ಹಂಸಕ್ಕ ಹುಷಾರಾಗಿ ಬಂದಿದ್ದಾರೆ, ಅದಕ್ಕೇ ಎಲ್ಲರಿಗೂ ಶರಬತ್ತು" ಎಂದು ಮೊದಲ ಲೋಟ ತುಂಬಿ ಹಂಸಾಳ ಮುಂದಿಟ್ಟಳು.

"ಆಮೇಲೆ ಕುಡೀತೀನಿ ಕಣೇ. ಬಾಟ್ಲಿಗೆ ಹಾಕ್ಕೊಡು, ಮನೆಗೆ ಒಯ್ತೀನಿ."

"ಮನೆಗ್ ಬೇಡ. ಇಲ್ಲೇ ಕುಡೀರಿ ಅಕ್ಕ."

"ಇವತ್ತು ಏಕಾದಶಿ."

"ಏಕಾದಶಿ ಮೊನ್ನೆ ಆಯ್ತಲ್ಲ ಮೇಡಮ್ಮೋರೆ" ಎಂದ ಬಸವಯ್ಯ, ಏನೂ ಅರಿಯದೆ. ಶಿವಮೂರ್ತಿ ತನ್ನ ಲೋಟ ಎತ್ತಿದವನು ಅರ್ಧಕ್ಕೇ ನಿಲ್ಲಿಸಿದ. ಅವನಿಗೆ ಏನೋ ಹೊಳೆದಂತಿತ್ತು. ಹಂಸಾ ಇಂದ್ರಾಣಿಯ ಮುಖ ನೋಡಿದಳು. ಅಲ್ಲಿ ಏನು ಕಂಡಳೋ, ಅವಳ ಕಣ್ಣು ಕೆಳಗಿಳಿಯಿತು. ಲೋಟ ಎತ್ತಿಕೊಂಡಳು. ಕಣ್ಣು ಮುಚ್ಚಿ, ಮಗುವಿಗೆ ಹರಳೆಣ್ಣೆ ಕುಡಿಸಿದ ಹಾಗೆ, ತನಗೆ ತಾನೇ ಕುಡಿಸಿಕೊಂಡಳು. ತಳದವರೆಗೂ ಕುಡಿದಳು. ತುಟಿಯ ಮೇಲೆ ನೇರಳೆಯ ಬಣ್ಣ ಹತ್ತಿತ್ತು. ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು ಎದ್ದು ಹೊರಗೆ ಹೋದಳು.

ಕಿಟಕಿಯಿಂದ ಇಂದ್ರಾಣಿಗೆ ನಲ್ಲಿ ಕಾಣುತ್ತಿತ್ತು. ಹಂಸಾ ಬೊಗಸೆಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಿದಳು, ಉಗಿದಳು, ಮತ್ತೆ ಮುಕ್ಕಳಿಸಿದಳು. ಆಮೇಲೆ ಗೋಡೆಗೆ ಹಣೆಯಿಟ್ಟು ನಿಂತಳು. ಕಾಯಿಲೆಯಿಂದ ಸಣಕಲಾದ ಅವಳ ಬೆನ್ನು ಅಲುಗುತ್ತಿತ್ತು. ಇದನ್ನು ನೋಡಬೇಕೆಂದೇ ಇಂದ್ರಾಣಿ ಇಷ್ಟೆಲ್ಲ ಹೂಡಿದ್ದು. ನೋಡಿದ ಮೇಲೆ ಮಾತ್ರ, ತನ್ನ ಪಾಲಿನ ಶರಬತ್ತನ್ನು ಬಾಯಿಗೆ ಹಾಕಲಾರದೆ ಕೂಜಕ್ಕೇ ಸುರಿದಳು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಹಂಸಾ ಅವಳಿಗಾಗಿ ಕಾಯುತ್ತಿದ್ದಳು. ಇಬ್ಬರೂ ಕಲ್ಲುಬೆಂಚಿನ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು.

"ಎಲ್ಲರ ಮುಂದೆ ಹಾಗೆ ಮಾಡಬಾರದಾಗಿತ್ತು ನೀನು" ಎಂದಳು ಹಂಸಾ.

"ನೀವು ಎಲ್ಲರ ಹಿಂದೆ ಮಾಡಿದ್ರಿ."

"ಒಂದಿನಾನೂ ಎಸೆದಿಲ್ಲ ಇಂದ್ರಾಣಿ. ದೇವ್ರಾಣೆಗೂ. ತಿನ್ನೋರ ಕೈಗೇ ಕೊಟ್ಟೆ. ಚೆನ್ನಾಗಿತ್ತಾ ಅಂತ ಕೇಳಿ, ಬಂದು ನಿಂಗೆ ಹೇಳ್ದೆ. ಯಾಕೆ ಅಂದ್ಕೊಂಡಿದ್ದೀಯ? ನಿಂಗೆ ನೋವಾಗಬಾರದು ಅಂತ ತಾನೇ?"

"ಬೇಡ ಅಂತ ಒಂದ್ಸಲ ಅಂದಿದ್ರೆ ಇಷ್ಟು ನೋವಾಗ್ತಿರ್ಲಿಲ್ಲ."

"ನಮ್ಮತ್ತೆ ಮನೇಲಿ..."

"ನಿಮ್ಮತ್ತೆ ತಂಗಮ್ಮೋರು ತೀರಿಕೊಂಡು ಮೂರು ವರ್ಷ ಆಯ್ತಲ್ಲ ಅಕ್ಕ."

ಬಸ್ಸೊಂದು ಬಂತು, ಜನ ಮುಗಿಬಿದ್ದು ಹತ್ತಿದರು, ಹೊರಟುಹೋಯಿತು. ಇಬ್ಬರೂ ಏಳಲಿಲ್ಲ.

"ಮನಸ್ಸು ಒಪ್ಪುತ್ತೆ ಕಣೇ" ಎಂದಳು ಹಂಸಾ ಕೊನೆಗೆ. "ಬಾಯಿ ಒಪ್ಪಲ್ಲ. ಒಂದೆರಡು ಸಲ ಡಬ್ಬಿ ಎದುರಿಗಿಟ್ಕೊಂಡು ಕೂತಿದ್ದೆ, ತಿಂದೇಬಿಡೋಣ ಅಂತ. ಆಗ್ಲಿಲ್ಲ. ನಾನೇನು ಮಾಡ್ಲಿ ಹೇಳು."

ಆಸ್ಪತ್ರೆಯಲ್ಲಿ ತನ್ನ ತಲೆ ಹೊತ್ತುಕೊಂಡಿದ್ದ ತೊಡೆ ಇದೇ, ಹೂ ಮುಡಿಸಿದ ಕೈ ಇದೇ. ಆದರೆ ಬಾಯಿ ಬೇರೆ. ಇಂದ್ರಾಣಿಗೆ ಬೈಯುವುದಕ್ಕೂ ಆಗಲಿಲ್ಲ, ಸಮಾಧಾನ ಮಾಡುವುದಕ್ಕಂತೂ ಇನ್ನೂ ಆಗಲಿಲ್ಲ.

"ಯಾರು ಹೇಳಿದ್ದು ನಿಂಗೆ? ಮಂಚಮ್ಮಾನಾ?" ಹಂಸಾ ಕಣ್ಣೊರೆಸಿಕೊಂಡು ಕೇಳಿದಳು. ಧ್ವನಿ ಬದಲಾಗಿತ್ತು.

ಅಲ್ಲ ಎನ್ನಬೇಕಿತ್ತು. ಆ ಕ್ಷಣದಲ್ಲಿ ಇಂದ್ರಾಣಿಗೆ ತನ್ನ ಅವಮಾನ ಬಿಟ್ಟು ಬೇರೆ ಯಾವುದೂ ಕಾಣುತ್ತಿರಲಿಲ್ಲ. ಸುಮ್ಮನಿದ್ದಳು. ಆ ಸುಮ್ಮನಿದ್ದದ್ದೇ ಉತ್ತರವಾಯಿತು.

ಮಾರನೆಯ ದಿನದಿಂದ ಇಬ್ಬರೂ ಬೇರೆ ಬೇರೆ ಬಸ್ಸಿಗೆ ಬರತೊಡಗಿದರು. ಕಚೇರಿಯಲ್ಲಿ ಹಂಸಾ "ಇಂದ್ರಾಣಿಯವರೇ" ಎನ್ನಲು ಶುರುಮಾಡಿದಳು. ಇಂದ್ರಾಣಿಯೂ "ಮೇಡಂ" ಎಂದಳು. ಶಿವಮೂರ್ತಿ ಒಮ್ಮೆ ಹತ್ತಿರ ಬಂದು, "ಸರಿಯಾಗ್ ಮಾಡಿದ್ರಿ ಕಣ್ರೀ" ಎಂದು ಪಿಸುಗುಟ್ಟಿದ. ಅದು ಅವಳಿಗೆ ಇನ್ನಷ್ಟು ಕಹಿಯೆನಿಸಿತು. ಅಟ್ಟದಲ್ಲಿಟ್ಟಿದ್ದ ಗೊನೆ ಹಣ್ಣಾಗಿ, ಕಪ್ಪಾಗಿ, ನೊಣ ಮುತ್ತಿದಾಗ ಎತ್ತಿ ತಿಪ್ಪೆಗೆ ಹಾಕಿದಳು. ಮಾವನ ಕಾಲದಿಂದ ಒಂದೇ ಒಂದು ಹಣ್ಣೂ ತಿಪ್ಪೆ ಕಂಡಿರಲಿಲ್ಲ.

ಶ್ರಾವಣದಲ್ಲಿ ತವರಿಗೆ ಹೋದಾಗ ತಾಯಿ ಗೋವಿಂದಮ್ಮ ಮುದ್ದೆ ತಿರುವುತ್ತಾ ಸುದ್ದಿ ಹೇಳಿದಳು. "ಮಂಚಮ್ಮನ್ನ ಅಗ್ರಾರದ ಮನೇಲಿ ಬುಡಿಸ್ಬುಟ್ರಂತೆ ಕನವ್ವ. ಯಾಕೆ ಏನು ಅಂತ ಒಂದ್ಮಾತೂ ಏಳ್ಲಿಲ್ವಂತೆ. ಈಗ ಕೂಲಿಗೋಯ್ತಾಳೆ, ಕಳೆ ಕೀಳಾಕೆ. ಸೊಂಟ ನೆಟ್ಟಗಿಲ್ಲ ಪಾಪ."

ಇಂದ್ರಾಣಿ ತಟ್ಟೆ ಬಿಟ್ಟು ಎದ್ದಳು. ಬೀದಿಯ ಕೊನೆಯಲ್ಲಿ ಮಂಚಮ್ಮ ಮನೆಯ ಮುಂದೆ ಕೂತು, ತಲೆಗೆ ಟವೆಲ್ಲು ಸುತ್ತಿಕೊಂಡು ಕೆಲಸಕ್ಕೆ ಹೊರಡಲು ಸಿದ್ಧವಾಗುತ್ತಿದ್ದಳು. ಮೂಲೆಯಲ್ಲಿ ಕುಡುಗೋಲು, ಬುತ್ತಿಯ ಗಂಟು.

"ಮಂಚಕ್ಕ, ಆ ಹಲ್ವಾ, ಪಾನಕ ಎಲ್ಲ ಮಾಡ್ತಿದ್ದೋಳು ನಾನೇ" ಎಂದಳು ಇಂದ್ರಾಣಿ, ನಿಂತಲ್ಲಿಂದಲೇ. "ನನ್ನಿಂದ್ಲೇ ನಿನ್ ಕೆಲ್ಸ ಹೋಯ್ತು."

ಮಂಚಮ್ಮ ತಲೆಯೆತ್ತಿ ನೋಡಿದಳು. ಬೆರಗೇನೂ ಕಾಣಲಿಲ್ಲ. "ನೀನೇ ಅಂತ ಗೊತ್ತಿರ್ನಿಲ್ಲ. ನಮ್ಮೋರು ಯಾರೋ ಅಂತ ಮಾತ್ರ ಗೊತ್ತಿತ್ತು."

"ಹೆಂಗೆ?"

"ಬ್ಯಾರೆಯೋರು ಮಾಡಿದ್ದಾದ್ರೆ ನಂಗ್ಯಾಕ್ ಕೊಟ್ಟಾರವ್ವ? ಅವ್ರೇ ತಿಂತಿದ್ರು."

ಇಂದ್ರಾಣಿ ಹೊಸ್ತಿಲ ಮೇಲೆ ಕೂತಳು. "ಗೊತ್ತಿದ್ದೂ ತಿಂತಿದ್ದಾ?"

"ರುಚಿಯಾಗಿತ್ತಲ್ಲ" ಎಂದಳು ಮಂಚಮ್ಮ. "ನಮ್ಮೋಳೊಬ್ಳು ತುಪ್ಪ ಬುಟ್ಟು ಹಲ್ವಾ ಮಾಡೋ ಅಂಗಾಗವ್ಳೆ ಅಂತ ಖುಸಿಯಾಯ್ತಿತ್ತು. ಚೆಂದಾಗದೆ ಅಂತ ಏಳಿದ್ರೆ ಅವಳಿಗೆ ಮುಟ್ತದೆ, ಇನ್ನೊಂದ್ಸಲ ಮಾಡ್ತಾಳೆ ಅಂತ ಹೊಗಳ್ತಿದ್ದೆ. ಅಮ್ಮಾರ್ ಬಾಯಿಂದ್ಲಾದ್ರೂ ಮುಟ್ಲಿ ಅಂತ."

"ತಪ್ಪಾಯ್ತು ಮಂಚಕ್ಕ."

"ನೀನು ಕೇಳಿದ್ದು ತಪ್ಪಲ್ಲ ಬುಡು. ಓದ್ಕಂಡಿದ್ದೀಯ, ಸಂಬ್ಳ ಬತ್ತದೆ, ಕೇಳ್ದೆ. ನಿನ್ ಕೆಲ್ಸ ಯಾರ್ ಕಿತ್ಗಂಡಾರು? ಆದ್ರೆ ಕೇಳಾಕ್ ಮುಂಚೆ ನನ್ನೊಂದ್ ಮಾತು ಕೇಳ್ಬೋದಾಗಿತ್ತು. ನಂಗೂ ಒಂದ್ ಮನೆ ಅದೆ, ಒಂದ್ ಕೂಸದೆ ಅಂತ." ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಇಂದ್ರಾಣಿಗೆ ಹಗುರಾಗುತ್ತಿತ್ತೇನೋ.

"ನಾನು ಬೇರೆ ಕಡೆ ಎಲ್ಲಾದ್ರೂ ವಿಚಾರಿಸ್ತೀನಿ. ನಮ್ ಆಫೀಸಲ್ಲಿ ಕಸ ಗುಡಿಸೋಕೆ..."

"ನರಸೀಪುರ ದೂರಾಯ್ತದೆ ಕನವ್ವ. ರೋಜಾನ ಸ್ಕೂಲಿಂದ ಯಾರು ಕರ್ಕಂಡ್ ಬಂದಾರು?" ಮಂಚಮ್ಮ ಮೊಣಕಾಲ ಮೇಲೆ ಕೈಯೂರಿ, ಒಂದು ಸಲ ಉಸಿರೆಳೆದುಕೊಂಡು ಎದ್ದಳು.

ಬೀದಿಯ ತಿರುವಿನಲ್ಲಿ ಕೂಲಿಯವರ ಗೂಡ್ಸ್ ಆಟೋ ಬಂದು ನಿಂತು ಹಾರನ್ ಹೊಡೆಯಿತು. ಹಿಂದೆ ಹೆಂಗಸರು ಒತ್ತೊತ್ತಾಗಿ ನಿಂತಿದ್ದರು. "ಬಿರ್ನೆ ಬಾ ಮಂಚಕ್ಕ, ಮಳೆ ಬತ್ತದೆ!" ಎಂದು ಒಬ್ಬಳು ಕೂಗಿದಳು. ಮಂಚಮ್ಮ ಕುಡುಗೋಲು, ಗಂಟು ಎತ್ತಿಕೊಂಡು ಬೇಗ ಬೇಗ ನಡೆದಳು. ಇಂದ್ರಾಣಿ ಹಿಂದೆಯೇ ಹೋಗಿ ಹತ್ತಿಸಲೆಂದು ಕೈ ಚಾಚಿದಳು. ಅಷ್ಟರಲ್ಲಿ ಮೇಲಿನಿಂದ ಇಬ್ಬರು ಹೆಂಗಸರು ರಟ್ಟೆ ಹಿಡಿದು ಮಂಚಮ್ಮನನ್ನು ಎಳೆದುಕೊಂಡರು. ಆಟೋ ಹೊಗೆ ಉಗುಳುತ್ತಾ ಗದ್ದೆಯ ಕಡೆ ತಿರುಗಿತು.